‘ಹಿಟ್’ ಅಂದರೆ ಜರ್ಮನ್‌ನಲ್ಲಿ ಯಾವ ಏಟು?

ಓದುಗರ ಪ್ರಶ್ನೆ – ಭಾಷಾ ಅಂಕಣ

ಈ ಸಲದ ಟಪಾಲಿನಲ್ಲಿ ಹೊಡೆತ-ಬಡಿತದ್ದೇ ಕಾರುಬಾರು. ಜರ್ಮನ್ ಕಲಿಯುವವರು, ಜರ್ಮನ್ ಗಿರಾಕಿಗೆ ಕಾಗದ ಸಿದ್ಧಮಾಡುವವರು, ಸುದ್ದಿ ಅನುವಾದಿಸುವವರು ಎಲ್ಲರೂ ಒಂದೇ ಕಲ್ಲಿಗೆ ಎಡವಿದ್ದಾರೆ. ಜರ್ಮನ್ ಮಾತುಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ‘ಖ್’ ಎಂದು ಕಂಡಲ್ಲಿ ಗಂಟಲಿನಿಂದ ಉಸಿರು ಉಜ್ಜಿಕೊಂಡು ಬರಬೇಕು. ‘ಇ’, ‘ಎ’, ‘ಐ’ ಆದಮೇಲೆ ಬಂದರೆ ಅದೇ ಸದ್ದು ಮೆತ್ತಗಾಗಿ ‘ಶ್’ ಕಡೆಗೆ ವಾಲುತ್ತದೆ.

ಪ್ರಶ್ನೆ: ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಲು ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿನ ‘ಹಿಟ್’ ಒಂದಕ್ಕೇ ಪುಸ್ತಕದಲ್ಲಿ ಶ್ಲಾಗೆನ್, ಟ್ರೆಫೆನ್, ಶ್ಟೋಸೆನ್ ಅಂತ ಮೂರು ಕೊಟ್ಟಿದ್ದಾರೆ. ‘ರೋಗಿ ತಲೆ ಬಡಿಸಿಕೊಂಡ’ ಎಂಬುದನ್ನು ಶ್ಲಾಗೆನ್ ಹಾಕಿ ಬರೆದರೆ ಮೇಡಂ ಕೆಂಪು ಗೆರೆ ಎಳೆದರು. ಯಾವಾಗ ಯಾವುದು?
– ವಿದ್ಯಾರ್ಥಿನಿ, ರಾಯಚೂರು

ನೀವು ಬರೆದದ್ದು ‘ಡೇರ್ ಪಟ್ಸಿಯೆಂಟ್ ಹಟ್ ಜೈನೆನ್ ಕೊಪ್ಫ್ ಗೆಶ್ಲಾಗೆನ್’ ಎಂದಿರಬೇಕು. ಅದನ್ನು ಓದಿದ ಜರ್ಮನ್ ನರ್ಸಿಗೆ ‘ರೋಗಿ ತನ್ನ ತಲೆಗೆ ತಾನೇ ಹೊಡೆದುಕೊಂಡ’ ಎನ್ನುವಂಥ ಚಿತ್ರ ಬರುತ್ತದೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಹೀಗೆ ವರದಿ ಕೊಟ್ಟರೆ ಮುಂದಿನ ಪಾಳಿಯವರು ಗಾಯದ ಬದಲು ರೋಗಿಯ ಮನಸ್ಸಿನ ಬಗ್ಗೆ ಚಿಂತೆ ಮಾಡುತ್ತ ಕೂರುತ್ತಾರೆ. ಸರಿಯಾದದ್ದು: ‘ಡೇರ್ ಪಟ್ಸಿಯೆಂಟ್ ಹಟ್ ಜಿಖ್ ಡೇನ್ ಕೊಪ್ಫ್ ಗೆಶ್ಟೋಸೆನ್’. ಇಲ್ಲಿ ಎರಡು ತಿದ್ದುಪಡಿ ಆಗಿದೆ. ಕ್ರಿಯಾಪದ ಬದಲಾಯಿತು, ‘ಅವನ ತಲೆ’ ಎಂಬ ಜೈನೆನ್ ಹೋಗಿ ‘ತನಗೆ’ ಎಂಬ ಜಿಖ್ ಬಂತು.

ತಪ್ಪು ನಿಮ್ಮದಲ್ಲ, ಇಂಗ್ಲಿಷಿನದು. ‘ಹಿಟ್’ ಎಂಬ ಒಂದೇ ಚೀಲದಲ್ಲಿ ಕೈ ಬೀಸಿದ್ದು, ವಸ್ತು ಹೋಗಿ ತಗಲಿದ್ದು, ತಾನಾಗಿ ಬಡಿದದ್ದು ಮೂರನ್ನೂ ತುಂಬಿಟ್ಟಿದ್ದಾರೆ. ಜರ್ಮನ್ ಮೂರನ್ನೂ ಬೇರೆ ಬೇರೆ ಇಡುತ್ತದೆ. ಸಂತೋಷದ ಸಂಗತಿ ಏನೆಂದರೆ ನಮ್ಮ ಕನ್ನಡವೂ ಬಹುಪಾಲು ಹಾಗೇ ಇಡುತ್ತದೆ. ಆದ್ದರಿಂದ ಇಂಗ್ಲಿಷ್ ವಾಕ್ಯ ಕಂಡೊಡನೆ ಜರ್ಮನ್‌ಗೆ ಹಾರಬೇಡಿ. ಮನೆಯಲ್ಲಿ ಅದನ್ನು ಹೇಗೆ ಹೇಳುತ್ತೀರೋ ಹಾಗೆ ಒಮ್ಮೆ ಹೇಳಿಕೊಳ್ಳಿ. ‘ಹೊಡೆದ, ಬಡಿದ’ ಎಂದು ಬಂದರೆ ಶ್ಲಾಗೆನ್. ‘ತಗಲಿತು, ತಾಗಿತು’ ಎಂದು ಬಂದರೆ ಟ್ರೆಫೆನ್. ‘ಬಡಿಸಿಕೊಂಡ, ತಾಗಿಸಿಕೊಂಡ’ ಎಂದು ಬಂದರೆ ಶ್ಟೋಸೆನ್.

ಕಲ್ಲಿನ ಉದಾಹರಣೆ ತಗೊಳ್ಳಿ. ‘ಅವನು ಇವನಿಗೆ ಕಲ್ಲಿನಿಂದ ಹೊಡೆದ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಸಾಕು. ಜರ್ಮನ್ ಕೇಳುತ್ತದೆ: ಕಲ್ಲು ಕೈಯಲ್ಲೇ ಇತ್ತೋ, ಒಗೆದದ್ದೋ? ಕೈಯಲ್ಲಿ ಹಿಡಿದು ಜಜ್ಜಿದ್ದರೆ ‘ಏರ್ ಶ್ಲೂಕ್ ಈನ್ ಮಿಟ್ ಐನೆಮ್ ಶ್ಟೈನ್’. ದೂರದಿಂದ ಒಗೆದು ತಗಲಿಸಿದ್ದರೆ ‘ಏರ್ ಟ್ರಾಫ್ ಈನ್ ಮಿಟ್ ಐನೆಮ್ ಶ್ಟೈನ್’. ಟ್ರೆಫೆನ್‌ನಲ್ಲಿ ತಗಲುವುದು ಆಗಿಹೋಗಿರುತ್ತದೆ. ‘ಕಲ್ಲು ಹೊಡೆದ, ಆದರೆ ತಗಲಲಿಲ್ಲ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಜರ್ಮನ್‌ನಲ್ಲಿ ಆ ಮೊದಲರ್ಧಕ್ಕೆ ‘ಒಗೆ’ ಎಂಬರ್ಥದ ವೆರ್ಫೆನ್ ಬರಬೇಕು, ಟ್ರೆಫೆನ್ ಬರುವುದು ‘ತಗಲಲಿಲ್ಲ’ ಎನ್ನುವಲ್ಲಿ ಮಾತ್ರ.

ಟ್ರೆಫೆನ್‌ಗೆ ‘ಭೇಟಿಯಾಗು’ ಎಂಬ ಅರ್ಥವೂ ಇರುವುದು ನಿಮಗೆ ಮೊದಲ ಪಾಠದಲ್ಲೇ ಗೊತ್ತಾಗಿರುತ್ತದೆ. ಇಂಗ್ಲಿಷಿನ ‘ಹಿಟ್’ ಕೂಡ ಹಳೆಯ ನಾರ್ಸ್ ಭಾಷೆಯ ‘ಹಿಟ್ಟಾ’ದಿಂದ ಬಂದದ್ದು; ಅಲ್ಲಿ ಅದಕ್ಕೆ ‘ಎದುರಾಗು, ಸಿಗು’ ಎಂದೇ ಅರ್ಥ. ಇಂಗ್ಲಿಷ್ ಹಳೆಯ ಅರ್ಥ ಬಿಟ್ಟಿತು, ಜರ್ಮನ್ ಎರಡನ್ನೂ ಒಂದೇ ಪದದಲ್ಲಿ ಉಳಿಸಿಕೊಂಡಿದೆ.

ನಿಮ್ಮ ವಾರ್ಡಿಗೆ ಬೇಕಾಗುವ ಇನ್ನಷ್ಟು: ಬಿದ್ದು ನೆಲಕ್ಕೆ ತಲೆ ಬಡಿದರೆ ‘ಏರ್ ಇಸ್ಟ್ ಮಿಟ್ ಡೇಮ್ ಕೊಪ್ಫ್ ಔಫ್ ಡೇಮ್ ಬೋಡೆನ್ ಔಫ್‌ಗೆಶ್ಲಾಗೆನ್’. ಇಲ್ಲಿ ಸಹಾಯಕ ಕ್ರಿಯಾಪದ ಹಟ್ ಅಲ್ಲ, ಇಸ್ಟ್; ಮನುಷ್ಯನೇ ಚಲಿಸಿ ಹೋಗಿ ಬಡಿದಿದ್ದಾನಲ್ಲ, ಅದಕ್ಕೆ. ಒಳಪೆಟ್ಟಿಗೆ ಪ್ರೆಲ್ಲುಂಗ್, ಚರ್ಮ ಒಡೆದ ಗಾಯಕ್ಕೆ ಪ್ಲಟ್ಸ್‌ವುಂಡೆ. ಎದೆ ಬಡಿತ ಎಣಿಸುವಾಗ ‘ಡಾಸ್ ಹೆರ್ಟ್ಸ್ ಶ್ಲೇಕ್ಟ್’, ನಿಮಿಷಕ್ಕೆ 72 ಸಲ ಎನ್ನುವ ಹಾಗೆ. ರೋಗಿಯೇ ‘ಎದೆ ಡವಡವ ಅನ್ನಾಕತ್ತದ’ ಎಂದರೆ ‘ಮೈನ್ ಹೆರ್ಟ್ಸ್ ಕ್ಲೊಪ್ಫ್ಟ್’. ಕ್ಲೊಪ್ಫೆನ್ ಅಂದರೆ ತಟ್ಟುವುದು. ಬಾಗಿಲು ತಟ್ಟುವುದೂ ಅದೇ, ಶಾಬಾಸ್ ಎಂದು ಬೆನ್ನು ತಟ್ಟುವುದೂ ಅದೇ. ಜರ್ಮನ್ನರು ತಟ್ಟುವುದು ಮಾತ್ರ ಭುಜವನ್ನು.

ಇನ್ನು ‘ಲಕ್ವ ಹೊಡೆಯಿತು’. ಇಂಗ್ಲಿಷಿನ ‘ಸ್ಟ್ರೋಕ್’ ಏಟೇ, ಕನ್ನಡದ ಲಕ್ವವೂ ಹೊಡೆಯುತ್ತದೆ, ಜರ್ಮನ್‌ನಲ್ಲೂ ಶ್ಲಾಕ್‌ಅನ್‌ಫಲ್. ಕರೆಂಟು ನಮ್ಮಲ್ಲಿ ಹೊಡೆಯುತ್ತದೆ, ಅಲ್ಲಿ ಅದು ಶ್ಟ್ರೋಮ್‌ಶ್ಲಾಕ್. ಆದರೆ ಈ ಎರಡನ್ನೂ ಕ್ರಿಯಾಪದ ಮಾಡಲು ಹೋಗಬೇಡಿ. ‘ಏರ್ ಹಟ್ ಐನೆನ್ ಶ್ಲಾಕ್‌ಅನ್‌ಫಲ್ ಎರ್‌ಲಿಟೆನ್’, ಅಂದರೆ ಅನುಭವಿಸಿದ. ಕರೆಂಟಿಗೆ ‘ಬೆಕೊಮೆನ್’, ಅಂದರೆ ಪಡೆದ. ಈ ಬೆಕೊಮೆನ್ ಇಂಗ್ಲಿಷಿನ ‘ಬಿಕಮ್’ ಅಲ್ಲ. ಆ ಗುಂಡಿಗೆ ಬೀಳದವರೇ ಕಡಿಮೆ.

ಮೂರರ ರೂಪಗಳನ್ನು ಬಾಯಿಪಾಠ ಮಾಡುವುದೊಂದೇ ದಾರಿ: ಶ್ಲಾಗೆನ್, ಶ್ಲೇಕ್ಟ್, ಶ್ಲೂಕ್, ಗೆಶ್ಲಾಗೆನ್. ಟ್ರೆಫೆನ್, ಟ್ರಿಫ್ಟ್, ಟ್ರಾಫ್, ಗೆಟ್ರೊಫೆನ್. ಶ್ಟೋಸೆನ್, ಶ್ಟ್ಯೋಸ್ಟ್, ಶ್ಟೀಸ್, ಗೆಶ್ಟೋಸೆನ್.

ಪ್ರಶ್ನೆ: ಬಿಸಿಲಿಗೆ ಬಿದ್ದವರಿಗೆ ಜೊನೆನ್‌ಶ್ಟಿಖ್ ಎನ್ನಬೇಕೋ ಹಿಟ್ಸ್‌ಶ್ಲಾಕ್ ಎನ್ನಬೇಕೋ? ಎರಡನೆಯದರಲ್ಲಿ ‘ಹಿಟ್’ ಇದೆಯಲ್ಲ!
– ದೇವದುರ್ಗ

ಆ ‘ಹಿಟ್ಸ್’ ಇಂಗ್ಲಿಷಿನ ಹಿಟ್ ಅಲ್ಲ, ಹಿಟ್ಸೆ ಅಂದರೆ ಸೆಕೆ, ಕಾವು. ಏಟು ಇರುವುದು ‘ಶ್ಲಾಕ್’ನಲ್ಲಿ. ಎರಡೂ ಬೇರೆ ಬೇರೆ ಕಾಯಿಲೆ. ಜೊನೆನ್‌ಶ್ಟಿಖ್ ಅಕ್ಷರಶಃ ಬಿಸಿಲಿನ ಚುಚ್ಚು: ನೆತ್ತಿಯ ಮೇಲೆ ನೇರ ಬಿಸಿಲು ಬಿದ್ದು ಮೆದುಳಿನ ಪೊರೆ ಕೆರಳಿ ತಲೆನೋವು, ವಾಕರಿಕೆ, ಕುತ್ತಿಗೆ ಬಿಗಿತ. ಹಿಟ್ಸ್‌ಶ್ಲಾಕ್‌ನಲ್ಲಿ ಇಡೀ ಮೈ ಕಾದು 40 ಡಿಗ್ರಿ ದಾಟುತ್ತದೆ, ಎಚ್ಚರ ತಪ್ಪಬಹುದು; ಅದು ಜೀವಕ್ಕೆ ಬರುವ ತುರ್ತು. ರಾಯಚೂರಿನ ಏಪ್ರಿಲ್-ಮೇ ಕಂಡವರಿಗೆ ಈ ಭೇದ ಹೇಳಿಕೊಡಬೇಕಾಗಿಲ್ಲ, ಪದ ಅದಲುಬದಲು ಆಗದಂತೆ ನೋಡಿಕೊಂಡರೆ ಸಾಕು.

ಪ್ರಶ್ನೆ: ‘ಅವನಿಗೆ ಹೊಡೆದೆ’ ಎಂದು ನಾವು ಅನ್ನುವುದರಿಂದ ‘ಇಖ್ ಹಾಬೆ ಈಮ್ ಗೆಶ್ಲಾಗೆನ್’ ಎಂದು ಬರೆದೆ. ತಪ್ಪು ಅಂದರು. ಇನ್ನೊಂದು ವಾಕ್ಯದಲ್ಲಿ ‘ಈಮ್’ ಸರಿ ಎಂದು ಅವರೇ ಹೇಳಿದರು. ಯಾವುದನ್ನು ನಂಬಬೇಕು?
– ಗಂಗಾವತಿ

ಎರಡನ್ನೂ ನಂಬಿ. ಕನ್ನಡದಲ್ಲಿ ‘ಅವನಿಗೆ ಹೊಡೆದೆ’, ‘ಅವನನ್ನು ಹೊಡೆದೆ’ ಎರಡೂ ನಡೆಯುತ್ತವೆ. ಜರ್ಮನ್‌ನಲ್ಲಿ ಬರೀ ಮನುಷ್ಯನನ್ನು ಹೊಡೆದರೆ ‘ಅನ್ನು’, ಅಂದರೆ ಈನ್: ‘ಇಖ್ ಹಾಬೆ ಈನ್ ಗೆಶ್ಲಾಗೆನ್’. ವಾಕ್ಯದಲ್ಲಿ ಮೈಯ ಭಾಗ ಬಂತೋ, ಮನುಷ್ಯ ‘ಗೆ’ಗೆ ಸರಿಯುತ್ತಾನೆ: ‘ಏರ್ ಶ್ಲೂಕ್ ಈಮ್ ಇನ್ಸ್ ಗೆಜಿಖ್ಟ್’, ಅವನಿಗೆ ಮುಖಕ್ಕೆ ಹೊಡೆದ. ಇಲ್ಲಿ ‘ಈನ್’ ಕೂಡ ವ್ಯಾಕರಣಕ್ಕೆ ಒಪ್ಪುತ್ತದೆ, ಆದರೆ ಈಮ್ ಹೆಚ್ಚು ಬಳಕೆಯದು. ಹೊಡೆಯುವುದು ಮನುಷ್ಯನಲ್ಲ, ಮಳೆಯೋ ಮರದ ಟೊಂಗೆಯೋ ಆಗಿದ್ದರೆ ಈಮ್ ಒಂದೇ ಸಹಜ.

ಮುಖ, ಹೊಟ್ಟೆಗೆ ‘ಇನ್’. ತಲೆ, ಬೆರಳಿಗೆ ‘ಔಫ್’. ಟ್ರೆಫೆನ್‌ಗೆ ಬಂದರೆ ಲೆಕ್ಕ ಬೇರೆ: ಮನುಷ್ಯ ಯಾವಾಗಲೂ ಈನ್, ತಗಲಿದ ಜಾಗಕ್ಕೆ ‘ಅಮ್’. ‘ಡೇರ್ ಬಲ್ ಟ್ರಾಫ್ ಈನ್ ಅಮ್ ಕೊಪ್ಫ್’, ಚೆಂಡು ಅವನ ತಲೆಗೆ ತಗಲಿತು.

ನೀವು ಕೇಳದಿದ್ದರೂ ಇದಕ್ಕಿಂತ ಹೆಚ್ಚು ಅಂಕ ತಿನ್ನುವ ತಪ್ಪೊಂದಿದೆ. ‘ಮೇಜು ಗುದ್ದಿದ’ ಎನ್ನಲು ‘ಏರ್ ಹಟ್ ಡೇನ್ ಟಿಶ್ ಗೆಶ್ಲಾಗೆನ್’ ಎಂದು ಬರೆಯುತ್ತಾರೆ. ಜರ್ಮನ್ ಕಿವಿಗೆ ಅದು ಮೇಜನ್ನು ಸೋಲಿಸಿದ ಹಾಗೆ ಕೇಳುತ್ತದೆ, ಏಕೆಂದರೆ ಪಂದ್ಯದಲ್ಲಿ ಸೋಲಿಸುವುದೂ ಶ್ಲಾಗೆನ್ನೇ. ಏಟು ಬೀಳುವ ವಸ್ತುವಿಗೆ ‘ಔಫ್’ ಅಥವಾ ‘ಗೇಗೆನ್’ ಬೇಕು: ‘ಏರ್ ಶ್ಲೂಕ್ ಮಿಟ್ ಡೇರ್ ಫೌಸ್ಟ್ ಔಫ್ ಡೇನ್ ಟಿಶ್’. ಹಾಗಾದರೆ ನಿರ್ಜೀವ ವಸ್ತುವಿಗೆ ‘ಅನ್ನು’ ಯಾವಾಗ? ಏಟಿನಿಂದ ಸರಿಯುವ ಅಥವಾ ಹುಟ್ಟುವ ವಸ್ತುವಿಗೆ. ‘ಐನೆನ್ ನಾಗೆಲ್ ಇನ್ ಡೀ ವಂಟ್ ಶ್ಲಾಗೆನ್’. ಕನ್ನಡ ನೋಡಿ: ಗೋಡೆಗೆ ಮೊಳೆ ಹೊಡಿ. ಗೋಡೆಗೆ ‘ಗೆ’, ಮೊಳೆ ಕರ್ಮಪದ. ಜೋಡಣೆ ಒಂದೇ. ಗೋಡೆಗೆ ತೂತು ಹೊಡೆಯುವುದೂ ಹಾಗೇ: ತೂತು ‘ಅನ್ನು’, ಗೋಡೆಗೆ ‘ಇನ್’.

‘ಸರಿಯಾಗಿ ಹೇಳಿದೆ’ ಎನ್ನುವ ಅರ್ಥದಲ್ಲಿ ಮೊಳೆಯ ತಲೆಗೇ ಹೊಡೆಯುವ ನುಡಿಗಟ್ಟು ಜರ್ಮನ್‌ನಲ್ಲೂ ಉಂಟು. ಅಲ್ಲಿ ಮಾತ್ರ ಶ್ಲಾಗೆನ್ ಅಲ್ಲ, ಟ್ರೆಫೆನ್. ಗುರಿ ತಗಲುವುದು ಮುಖ್ಯ, ಬೀಸುವುದಲ್ಲ.

ಪ್ರಶ್ನೆ: ಇಂಗ್ಲಿಷ್ ಸುದ್ದಿ ತುಣುಕುಗಳನ್ನು ಜರ್ಮನ್‌ಗೆ ಅನುವಾದಿಸುವ ಅಭ್ಯಾಸ ಮಾಡುತ್ತೇನೆ. ಅಪಘಾತದ ಸುದ್ದಿಯಲ್ಲಿ ಎಲ್ಲ ಕಡೆ ‘ಹಿಟ್’. ಲಾರಿ ಹಿಟ್, ಕಾರು ಹಿಟ್, ರೈಲು ಹಿಟ್. ಯಾವ ಪದ ಹಾಕಲಿ?
– ಕುಷ್ಟಗಿ

ನಮ್ಮ ದಿನಪತ್ರಿಕೆಗಳ ಕನ್ನಡವನ್ನೇ ಕೈಗೆ ತಗೊಳ್ಳಿ, ಅದು ಇಂಗ್ಲಿಷಿಗಿಂತ ಒಳ್ಳೆಯ ದಾರಿದೀಪ. ‘ಪಾದಚಾರಿಗೆ ಲಾರಿ ಡಿಕ್ಕಿ’ ಎಂದರೆ ಅನ್‌ಫಾರೆನ್: ‘ಡೇರ್ ಲಸ್ಟ್‌ವಾಗೆನ್ ಹಟ್ ಐನೆನ್ ಫೂಸ್‌ಗೆಂಗರ್ ಅನ್‌ಗೆಫಾರೆನ್’. ‘ಲಾರಿ ಹರಿದು’ ಅಥವಾ ‘ಹಾಯ್ದು’ ಎಂದರೆ ಯೂಬರ್‌ಫಾರೆನ್, ಮೈಮೇಲೆ ಚಕ್ರ ಹತ್ತಿದ್ದು. ಇದರ ಭೂತರೂಪದಲ್ಲಿ ‘ಗೆ’ ಸೇರುವುದಿಲ್ಲ, ಯೂಬರ್‌ಫಾರೆನ್ ಎಂದೇ ಉಳಿಯುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಬದುಕಿದವನನ್ನು ಚಕ್ರದಡಿ ಹಾಕಿದಂತೆ.

‘ಮರಕ್ಕೆ ಕಾರು ಡಿಕ್ಕಿ’ ಬೇರೆ. ಮರ ಅಲುಗದ ವಸ್ತು, ಹೋಗಿ ಬಡಿದದ್ದು ಕಾರು. ಆಗ ಪ್ರಲ್ಲೆನ್, ಅದೂ ಇಸ್ಟ್ ಜೊತೆ: ‘ಡಾಸ್ ಔಟೋ ಇಸ್ಟ್ ಗೇಗೆನ್ ಐನೆನ್ ಬೌಮ್ ಗೆಪ್ರಲ್ಟ್’. ಗೇಗೆನ್ ಆದಮೇಲೆ ಯಾವಾಗಲೂ ‘ಅನ್ನು’ ರೂಪ. ‘ಬಸ್-ಬಸ್ ಮುಖಾಮುಖಿ ಡಿಕ್ಕಿ’ಗೆ ಟ್ಸುಸಮೆನ್‌ಶ್ಟೋಸೆನ್, ಅದಕ್ಕೂ ‘ಇಸ್ಟ್’ ಕುಟುಂಬದ ಸಹಾಯಕ ಕ್ರಿಯಾಪದವೇ. ಹಿಂದಿನಿಂದ ಬಂದು ಗುದ್ದಿದ್ದರೆ ಔಫ್‌ಫಾರೆನ್. ಅಂಥ ಅಪಘಾತಕ್ಕೆ ಔಫ್‌ಫಾರ್‌ಉನ್‌ಫಲ್ ಎಂಬ ಒಂದೇ ಪದವಿದೆ.

‘ರೈಲಿಗೆ ಸಿಲುಕಿ’ ಎಂದು ನಾವು ಬರೆಯುವುದಕ್ಕೆ ಜರ್ಮನ್ ಪತ್ರಿಕೆಗಳು ಎರ್‌ಫಸೆನ್ ಬಳಸುತ್ತವೆ: ‘ಫೊನ್ ಐನೆಮ್ ಟ್ಸೂಕ್ ಎರ್‌ಫಸ್ಟ್’. ಹಿಡಿದುಕೊಳ್ಳುವುದು ಎಂದೇ ಅದರ ಮೂಲಾರ್ಥ. ‘ಸಿಲುಕಿ’ಗೂ ಅದಕ್ಕೂ ಹೆಚ್ಚು ದೂರವಿಲ್ಲ. ಗುದ್ದಿ ಪರಾರಿಯಾದವನದ್ದು ಫಾರರ್‌ಫ್ಲುಖ್ಟ್, ಚಾಲಕನ ಪಲಾಯನ. ಅಲ್ಲಿ ‘ಹಿಟ್’ನ ಸುಳಿವೇ ಇಲ್ಲ.

ಸಿಡಿಲಿಗೆ ಮೂರು ದಾರಿ. ಮರಕ್ಕೆ, ಮನೆಗೆ ಬಡಿದರೆ ಐನ್‌ಶ್ಲಾಗೆನ್: ‘ಡೇರ್ ಬ್ಲಿಟ್ಸ್ ಹಟ್ ಇನ್ ಡೇನ್ ಬೌಮ್ ಐನ್‌ಗೆಶ್ಲಾಗೆನ್’. ಮನುಷ್ಯನಿಗೆ ಬಡಿದರೆ ‘ಫೊಮ್ ಬ್ಲಿಟ್ಸ್ ಗೆಟ್ರೊಫೆನ್’, ಅವನು ಬದುಕಿರಬಹುದು. ‘ಸಿಡಿಲು ಬಡಿದು ಕುರಿಗಾಹಿ ಸಾವು’ ಎಂಬ ಶೀರ್ಷಿಕೆಗೆ ‘ಫೊಮ್ ಬ್ಲಿಟ್ಸ್ ಎರ್‌ಶ್ಲಾಗೆನ್’. ಆ ‘ಎರ್’ ಎಂಬ ಚಿಕ್ಕ ಮುಂಪ್ರತ್ಯಯದಲ್ಲಿ ಸಾವು ಕೂತಿದೆ. ‘ಟ್ಸೆರ್’ ಹಾಕಿದರೆ ವಸ್ತು ಚೂರುಚೂರು.

ಬರ, ನೆರೆ ‘ಹಿಟ್’ ಆದ ಊರಿಗೆ ಬೆಟ್ರೊಫೆನ್ ಸಾಕು: ‘ಫೊನ್ ಡೇರ್ ಡ್ಯುರೆ ಬೆಟ್ರೊಫೆನ್’, ಬರಪೀಡಿತ. ಅಪಘಾತಕ್ಕೆ ಕಾರಣವಾದ ರಸ್ತೆಗುಂಡಿ ಶ್ಲಾಕ್‌ಲೊಖ್, ಏಟಿನ ತೂತು. ಗಾಡಿಯ ಸೊಂಟಕ್ಕೆ ಬೀಳುವ ಏಟು ಗೊತ್ತಿದ್ದವರೇ ಆ ಪದ ಕಟ್ಟಿರಬೇಕು.

ಪ್ರಶ್ನೆ: ಉಕ್ಕಿನ ತಟ್ಟೆಗಳ ಟೆಸ್ಟ್ ಸರ್ಟಿಫಿಕೇಟನ್ನು ಜರ್ಮನ್ ಗಿರಾಕಿಗೆ ಅನುವಾದಿಸಬೇಕಿದೆ. ‘ಇಂಪ್ಯಾಕ್ಟ್’ಗೆ ನಿಘಂಟಿನಲ್ಲಿ ಆರೇಳು ಪದ ಬರುತ್ತವೆ.
– ಬಳ್ಳಾರಿ

ಸರ್ಟಿಫಿಕೇಟಿನಲ್ಲಿ ಇರುವುದು ಚಾರ್ಪಿ ಪರೀಕ್ಷೆ: 10×10×55 ಮಿ.ಮೀ. ತುಂಡು, ನಡುವೆ 2 ಮಿ.ಮೀ. ಆಳದ, 45 ಡಿಗ್ರಿಯ ‘ವಿ’ ಕಚ್ಚು, ತೂಗುವ ಸುತ್ತಿಗೆಯಿಂದ ಒಂದೇ ಏಟು. ತುಂಡು ಮುರಿಯಲು ಹೀರಿದ ಶಕ್ತಿಗೆ ಜರ್ಮನ್‌ನಲ್ಲಿ ಕೆರ್ಪ್‌ಶ್ಲಾಕ್‌ಆರ್ಬೈಟ್. ಕೆರ್ಬೆ ಕಚ್ಚು, ಶ್ಲಾಕ್ ಏಟು, ಆರ್ಬೈಟ್ ಕೆಲಸ, ಅಳತೆ ಜೂಲ್.

ಎಡವುವುದು ಮುಂದೆ. ಹಳೆಯ ನಿಘಂಟುಗಳು ಕೆರ್ಪ್‌ಶ್ಲಾಕ್‌ಟ್ಸೇಇಖ್‌ಕೈಟ್ ಎಂದು ಕೊಡುತ್ತವೆ. ಅದು ಅದೇ ಶಕ್ತಿಯನ್ನು ಕಚ್ಚಿನ ಕೆಳಗೆ ಉಳಿದ ಅಡ್ಡಕೊಯ್ತಕ್ಕೆ ಭಾಗಿಸಿದ್ದು, ಅಳತೆ ಚದರ ಸೆಂ.ಮೀ.ಗೆ ಇಷ್ಟು ಜೂಲ್. ಕಚ್ಚಿನ ಕೆಳಗೆ ಉಳಿಯುವುದು 8×10, ಅಂದರೆ 0.8 ಚದರ ಸೆಂ.ಮೀ. ಹಾಗಾಗಿ 27 ಜೂಲ್ ಬಂದ ತುಂಡಿಗೆ ಈ ಲೆಕ್ಕದಲ್ಲಿ ಸುಮಾರು 34 ಬರುತ್ತದೆ. ಪದ ಒಂದು, ಅಂಕಿ ಇನ್ನೊಂದು ಆದರೆ ಗಿರಾಕಿ ಮಾಲು ವಾಪಸ್ ಕಳಿಸಿದರೂ ಆಶ್ಚರ್ಯವಿಲ್ಲ. ಅಂಕಿಯ ಪಕ್ಕದ ಅಳತೆ ನೋಡಿಯೇ ಪದ ಆರಿಸಿ. ಪರೀಕ್ಷೆಯ ಉಷ್ಣಾಂಶವನ್ನೂ ಬಿಡಬೇಡಿ: ಎಸ್235 ಉಕ್ಕಿನ ಹೆಸರಿನ ಕೊನೆಯಲ್ಲಿ ‘ಜೆಆರ್’ ಇದ್ದರೆ 27 ಜೂಲ್ 20 ಡಿಗ್ರಿಯಲ್ಲಿ, ‘ಜೆ0’ ಇದ್ದರೆ ಸೊನ್ನೆಯಲ್ಲಿ, ‘ಜೆ2’ ಇದ್ದರೆ ಮೈನಸ್ 20ರಲ್ಲಿ.

ಉಳಿದ ಕಡೆ ‘ಇಂಪ್ಯಾಕ್ಟ್’ ಹೀಗೆ ಒಡೆಯುತ್ತದೆ. ವಸ್ತು ಹೋಗಿ ಅಪ್ಪಳಿಸುವುದು ಔಫ್‌ಪ್ರಲ್. ಯಂತ್ರಕ್ಕೆ ಬರುವ ಜರ್ಕು ಶ್ಟೋಸ್. ವಾಹನದ ಶಾಕ್ ಅಬ್ಸಾರ್ಬರ್ ಆದ್ದರಿಂದ ಶ್ಟೋಸ್‌ಡೆಂಪ್ಫರ್, ಬಂಪರ್ ಶ್ಟೋಸ್‌ಶ್ಟಂಗೆ. ಅದಿರು ಒಡೆಯುವ ಕ್ರಷರ್‌ಗಳಲ್ಲಿ ಇಂಪ್ಯಾಕ್ಟ್ ಕ್ರಷರ್ ಪ್ರಲ್‌ಬ್ರೆಖರ್, ಹ್ಯಾಮರ್ ಕ್ರಷರ್ ಹಮರ್‌ಬ್ರೆಖರ್, ಜಾ ಕ್ರಷರ್ ಬಕೆನ್‌ಬ್ರೆಖರ್. ಗಣಿಯ ಕಾಗದಪತ್ರದಲ್ಲಿ ಪರಿಸರದ ಮೇಲಿನ ‘ಇಂಪ್ಯಾಕ್ಟ್’ ಬಂದರೆ ಅಲ್ಲಿ ಏಟಿಲ್ಲ, ಔಸ್‌ವಿರ್ಕುಂಗ್, ಅಂದರೆ ಪರಿಣಾಮ.

ಕೈಪಿಡಿಗಳನ್ನೂ ಅನುವಾದಿಸುವುದಿದ್ದರೆ ‘ಅನ್‌ಶ್ಲಾಕ್’ ಬಗ್ಗೆ ಹುಷಾರು. ಸುದ್ದಿಯಲ್ಲಿ ಅದು ಉಗ್ರರ ದಾಳಿ, ಯಂತ್ರದಲ್ಲಿ ಚಲನೆ ನಿಲ್ಲುವ ತಡೆ. ‘ಬಿಸ್ ಟ್ಸುಮ್ ಅನ್‌ಶ್ಲಾಕ್ ಡ್ರೇಎನ್’ ಎಂದರೆ ‘ಮುಂದೆ ಹೋಗದಷ್ಟು ತಿರುವಿ’.

ಪ್ರಶ್ನೆ: ಬೋರ್‌ವೆಲ್‌ಗೆ ನೀರು ಬಿತ್ತು, ಗಣಿಯಲ್ಲಿ ಚಿನ್ನ ಸಿಕ್ಕಿತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸ್ಟ್ರೈಕ್’ ಅಂತಾರೆ. ಜರ್ಮನ್‌ನಲ್ಲಿ?
– ಲಿಂಗಸುಗೂರು

ಎರಡಕ್ಕೂ ಶ್ಟೋಸೆನ್, ‘ಔಫ್’ ಜೊತೆ, ಇಸ್ಟ್ ಸಹಾಯದಲ್ಲಿ: ಔಫ್ ವಸರ್ ಶ್ಟೋಸೆನ್, ಔಫ್ ಗೋಲ್ಟ್ ಶ್ಟೋಸೆನ್. ಕೊರೆಯುತ್ತ ಹೋದಾಗ ಅದಕ್ಕೆ ಎದುರಾಗುವುದು ಎಂಬ ಭಾವ. ಅಡಿಗಳನ್ನು ಮೀಟರಿಗೆ ಇಳಿಸುವುದು ಮರೆಯಬೇಡಿ: 450 ಅಡಿ ಅಂದರೆ 137 ಮೀಟರ್. ‘ಇನ್ 137 ಮೇಟೆರ್ನ್ ಟೀಫೆ ಶ್ಟೀಸ್ ಮನ್ ಔಫ್ ವಸರ್’. ಏನು ಸಿಕ್ಕಿತೆಂದು ಹೇಳದೆ ‘ಹುಡುಕಿದ್ದು ಸಿಕ್ಕಿತು’ ಎಂದಷ್ಟೇ ಹೇಳಲು ಫ್ಯುಂಡಿಖ್ ವೇರ್ಡೆನ್ ಇದೆ.

ಹಟ್ಟಿ ನಿಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಇನ್ನೊಂದು ಮಾತು: ನಕ್ಷೆಗಳಲ್ಲಿ ಗಣಿಯ ಗುರುತಾಗಿ ಕಾಣುವ ಅಡ್ಡ ಹಾಕಿದ ಎರಡು ಸುತ್ತಿಗೆಗಳಿಗೆ ಜರ್ಮನ್‌ನಲ್ಲಿ ‘ಶ್ಲೇಗೆಲ್ ಉಂಟ್ ಐಜೆನ್’. ವಾಸ್ತವದಲ್ಲಿ ಎರಡೂ ಸುತ್ತಿಗೆಯಲ್ಲ. ಒಂದು ಹೊಡೆಯುವ ಶ್ಲೇಗೆಲ್, ಇನ್ನೊಂದು ಬಂಡೆಗೆ ಹಿಡಿಯುವ, ಹಿಡಿಕೆ ಹಾಕಿದ ಮೊನೆಯುಳ್ಳ ಕಬ್ಬಿಣ.

ಪ್ರಶ್ನೆ: ‘ಸ್ಟ್ರೈಕ್’ ಮತ್ತು ‘ಶ್ಟ್ರೈಖೆನ್’ ಒಂದೇ ಅಲ್ಲವೇ?
– ಸಿಂಧನೂರು

ಮೂಲ ಒಂದೇ, ಸಂಸಾರ ಬೇರೆ. ಶ್ಟ್ರೈಖೆನ್ ಅಂದರೆ ಮೇಲ್ಮೈ ಮೇಲೆ ಕೈ ಆಡಿಸುವುದು, ಬಣ್ಣ ಬಳಿಯುವುದು, ರೊಟ್ಟಿಗೆ ಬೆಣ್ಣೆ ಸವರುವುದು. ಅದರಲ್ಲಿ ಹೊಡೆತವಿಲ್ಲ. ಎರಡು ಕಡೆಯಾದರೂ ಅಣ್ಣತಮ್ಮಂದಿರು ಮತ್ತೆ ಕೂಡುತ್ತಾರೆ. ಒಂದು, ಗೆರೆ ಎಳೆದು ಅಳಿಸುವುದು. ಜರ್ಮನ್ ಅರ್ಜಿಗಳಲ್ಲಿ ‘ನಿಖ್ಟ್‌ಟ್ಸೂಟ್ರೆಫೆಂಡೆಸ್ ಶ್ಟ್ರೈಖೆನ್’ ಎಂದಿರುತ್ತದೆ, ನಮ್ಮ ಅರ್ಜಿಗಳ ‘ಅನ್ವಯಿಸದ್ದನ್ನು ಹೊಡೆದುಹಾಕಿ’. ಒಳಗೆ ಟ್ರೆಫೆನ್ ಕೂತಿರುವುದನ್ನೂ ಗಮನಿಸಿ: ಯಾವುದು ‘ತಗಲುವುದಿಲ್ಲವೋ’ ಅದನ್ನು ಹೊಡೆ. ಎರಡು, ಬೆಂಕಿಕಡ್ಡಿ. ಅದು ಶ್ಟ್ರೈಖ್‌ಹೊಲ್ಟ್ಸ್, ನಾವೂ ಕಡ್ಡಿ ಹೊಡೆಯುವುದಿಲ್ಲ, ಗೀರುತ್ತೇವೆ.

ಮುಷ್ಕರಕ್ಕೆ ಶ್ಟ್ರೈಕೆನ್. ಇದು ಇಂಗ್ಲಿಷಿನಿಂದ 19ನೇ ಶತಮಾನದಲ್ಲಿ ಜರ್ಮನ್‌ಗೆ ಹೋದ ಪದ. ‘ಕ್’ ಮತ್ತು ‘ಖ್’ ಒಂದರ ವ್ಯತ್ಯಾಸದಲ್ಲಿ ‘ಕಾರ್ಮಿಕರು ಮುಷ್ಕರ ಹೂಡಿದ್ದಾರೆ’ ಎನ್ನುವುದು ‘ಬಣ್ಣ ಬಳಿಯುತ್ತಿದ್ದಾರೆ’ ಆಗುತ್ತದೆ. ಗಂಟೆ ಹನ್ನೆರಡು ಹೊಡೆಯುವುದು ಶ್ಲಾಗೆನ್, ನಮ್ಮ ಹಾಗೇ.

ಇನ್ನು ವಿಚಾರ ‘ಸ್ಟ್ರೈಕ್’ ಆಗುವುದು. ಜರ್ಮನ್‌ನಲ್ಲಿ ವಿಚಾರ ಹೊಡೆಯುವುದಿಲ್ಲ, ಬೀಳುತ್ತದೆ. ‘ಕಣ್ಣಿಗೆ ಬಿತ್ತು’ ಎನ್ನುವಲ್ಲಿ ‘ಮೀರ್ ಫೆಲ್ಟ್ ಔಫ್’, ‘ನನಗೆ ಹೊಳೆಯಿತು’ ಎನ್ನುವಲ್ಲಿ ‘ಮೀರ್ ಫೆಲ್ಟ್ ಐನ್’. ಎರಡರಲ್ಲೂ ಫಲ್ಲೆನ್, ಅಂದರೆ ಬೀಳು. ಎರಡರಲ್ಲೂ ಮೀರ್, ಅಂದರೆ ನನಗೆ. ಇಂಗ್ಲಿಷ್ ಮರೆತು ಕನ್ನಡದಿಂದ ನಡೆದರೆ ಸೇತುವೆ ಕಾಲಡಿಗೇ ಇದೆ.

ಪ್ರಶ್ನೆ: ಕಪಾಳಕ್ಕೆ ಹೊಡೆಯುವುದು, ಗುದ್ದುವುದು, ಒದೆಯುವುದು, ಚಚ್ಚುವುದು – ಜರ್ಮನ್ ಪದ ತಿಳಿಸಿ.
– ಮಾನ್ವಿ

ಕಪಾಳಮೋಕ್ಷ ಓರ್‌ಫೈಗೆ, ಅದನ್ನು ‘ಗೇಬೆನ್’, ಕೊಡಬೇಕು. ಬವೇರಿಯಾ, ಆಸ್ಟ್ರಿಯಾ ಕಡೆ ವಾಚೆನ್ ಎಂದೂ ಕೇಳುತ್ತೀರಿ. ಗುದ್ದುವುದು ‘ಮಿಟ್ ಡೇರ್ ಫೌಸ್ಟ್ ಶ್ಲಾಗೆನ್’ ಅಥವಾ ಬೊಕ್ಸೆನ್. ಒದೆಯುವುದು ಟ್ರೇಟೆನ್, ತುಳಿಯುವುದೂ ಅದೇ, ಜೊತೆಯ ಪದ ನೋಡಿ ತಿಳಿಯಬೇಕು. ಹಿಗ್ಗಾಮುಗ್ಗಾ ಚಚ್ಚಿದರೆ ಫೆರ್‌ಪ್ರ್ಯೂಗೆಲ್ನ್. ಹೌವೆನ್ ಆಡುಮಾತಿನ ‘ಬಾರಿಸು’. ‘ಅವ ನನ್ನ ಬಡದಾ’ ಎಂದು ಮಕ್ಕಳು ದೂರು ತರುವಾಗಿನ ಪದ ಅದು, ಪೊಲೀಸ್ ದೂರಿನಲ್ಲಿ ಬರೆಯುವುದಲ್ಲ. ಅದೇ ಹೌವೆನ್ ಕಲ್ಲು ಕೆತ್ತುವುದಕ್ಕೂ ಹಳೆಯ ಪದ. ಶಿಲ್ಪಿಗೆ ಬಿಲ್ಟ್‌ಹೌವರ್ ಎನ್ನುತ್ತಾರೆ. ಇಟಗಿಯ ಮಹಾದೇವ ದೇಗುಲದ ಕಂಬಗಳ ಬಗ್ಗೆ ಜರ್ಮನ್‌ನಲ್ಲಿ ಬರೆಯುವುದಾದರೆ ‘ಇನ್ ಶ್ಟೈನ್ ಗೆಹೌವೆನ್’ ಎನ್ನಲು ಹಿಂಜರಿಯಬೇಡಿ.

ಪ್ರಶ್ನೆ: ಹಾಡು ‘ಹಿಟ್’ ಆದರೆ ಶ್ಲಾಗರ್ ಎನ್ನಬಹುದೇ?
– ಯಲಬುರ್ಗಾ

ಹುಷಾರಾಗಿ. ಶ್ಲಾಗರ್ ಈಗ ಜರ್ಮನ್ನರಿಗೆ ಒಂದು ಬಗೆಯ ಹಗುರ, ಭಾವುಕ ಹಾಡುಗಳ ಹೆಸರು. ಉಳಿದದ್ದಕ್ಕೆಲ್ಲ ಅವರೂ ‘ಹಿಟ್’ ಎನ್ನುತ್ತಾರೆ. ಮತ್ತೆ ‘ಶ್ಲೇಗರ್’ ಎಂದು ಸ್ವರ ಜಾರಿದರೆ ಹೊಡೆದಾಟದ ರೌಡಿ, ಇಲ್ಲವೇ ಟೆನಿಸ್ ಬ್ಯಾಟು.

ಪ್ರಶ್ನೆ: ಕನ್ನಡದಿಂದ ನೇರ ಜರ್ಮನ್‌ಗೆ ಹೋಗುವ ನಿಘಂಟು ಕೈಗೆ ಸಿಗುತ್ತಿಲ್ಲ. ಹೇಗೆ ಹುಡುಕಲಿ?
– ಕೊಪ್ಪಳ

ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಹುಟ್ಟಿನಿಂದ ಜರ್ಮನ್. ಆದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕೃತಿ ಕನ್ನಡ-ಇಂಗ್ಲಿಷ್. ಹಾಗಾಗಿ ಎರಡು ಹೆಜ್ಜೆ ಇಡಬೇಕು. ಇಂಗ್ಲಿಷ್-ಜರ್ಮನ್ ನಿಘಂಟಿನಲ್ಲಿ ಸಿಕ್ಕ ಪದವನ್ನು ಅಲ್ಲಿಗೇ ಬಿಡದೆ ಜರ್ಮನ್-ಜರ್ಮನ್ ನಿಘಂಟಾದ ಡೂಡೆನ್‌ನಲ್ಲಿ ತೆರೆಯಿರಿ. ಅದರ ಜಾಲತಾಣ ಪುಕ್ಕಟೆ. ಅರ್ಥದ ಸಾಲಿಗಿಂತ ಮೊದಲು ಮೂರನ್ನು ನೋಡಿ: ಆ ಅರ್ಥಕ್ಕೆ ಹಟ್ ಬರುತ್ತದೋ ಇಸ್ಟ್ ಬರುತ್ತದೋ, ಉದಾಹರಣೆಯಲ್ಲಿ ಔಫ್, ಇನ್, ಗೇಗೆನ್‌ನಂಥ ಯಾವ ಪದ ಬಂದಿದೆ, ಅದರ ಮುಂದಿನ ಪದ ‘ಅನ್ನು’ವಿನದೋ ‘ಗೆ’ಯದೋ. ಒಂದು ಚೀಟಿಯಲ್ಲಿ ಪದವನ್ನಷ್ಟೇ ಬರೆಯದೆ ಆ ಉದಾಹರಣೆ ವಾಕ್ಯವನ್ನೇ ಬರೆದಿಡಿ. ಹುಡುಕುವ ಈ ಕೆಲಸಕ್ಕೂ ಜರ್ಮನ್‌ನಲ್ಲಿ ನಾಖ್‌ಶ್ಲಾಗೆನ್ ಎಂದೇ ಹೆಸರು.

ಪ್ರಶ್ನೆ: ಅಡುಗೆ ವಿಧಾನ ಅನುವಾದಿಸುವಾಗ ಮೊಟ್ಟೆ ಒಡೆಯುವುದು, ಮೆಣಸು ಕುಟ್ಟುವುದು?
– ಸಿರುಗುಪ್ಪ

ಮೊಟ್ಟೆಯ ಸಿಪ್ಪೆ ಒಡೆಯುವುದು ಔಫ್‌ಶ್ಲಾಗೆನ್, ಒಳಗಿನದನ್ನು ಕಲಕಿ ಏಕ ಮಾಡುವುದು ಫೆರ್‌ಕ್ವಿರ್ಲೆನ್. ಬಿಳಿಭಾಗವನ್ನು ನೊರೆ ನಿಲ್ಲುವಷ್ಟು ಬಡಿದರೆ ‘ಶ್ಟೈಫ್ ಶ್ಲಾಗೆನ್’; ಬಟ್ಟಲಿಗೆ ಎಣ್ಣೆ ಪಸೆ ಇದ್ದರೆ ಎಷ್ಟು ಬಡಿದರೂ ನೊರೆ ನಿಲ್ಲದು. ಮೆಣಸು, ಜೀರಿಗೆ ಒರಳಿನಲ್ಲಿ ಕುಟ್ಟುವುದು ‘ಇಮ್ ಮ್ಯೋರ್ಜರ್ ಟ್ಸೆರ್‌ಶ್ಟೋಸೆನ್’. ಇಲ್ಲಿ ಶ್ಲಾಗೆನ್ ಹಾಕಿದರೆ ಓದಿದವರು ಒರಳಿನ ಪಕ್ಕ ಸುತ್ತಿಗೆ ಇಟ್ಟುಕೊಳ್ಳುತ್ತಾರೆ.